ಓದುಗರ ಪ್ರಶ್ನೆ: ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ತಾನೆ?

ಪ್ರಶ್ನೆ: ಸರ್, ಸ್ವೀಟ್ ತಿಂದಾಗ, ರೀಲ್ಸ್ ನೋಡಿದಾಗ ಮೆದುಳಲ್ಲಿ ಡೋಪಮೈನ್ ಬಂದು ಖುಷಿ ಆಗುತ್ತಂತೆ. ಹಾಗಾದರೆ ಡೋಪಮೈನ್ ಇಲ್ಲದವರಿಗೆ ಯಾವುದರಲ್ಲೂ ಖುಷಿ ಸಿಗೋದೇ ಇಲ್ವಾ?

ಉತ್ತರ: ಸಿಗುತ್ತದೆ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಇದೇ ಪ್ರಶ್ನೆ ಬಟ್ಟೆ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಮೊಬೈಲ್ ಚಟ ಅಂತ, ಒಮ್ಮೆ ಡೋಪಮೈನ್ ಉಪವಾಸ ಅಂತ, ಇನ್ನೊಮ್ಮೆ ಮಗನಿಗೆ ಓದಿನಲ್ಲಿ ಆಸಕ್ತಿ ಇಲ್ಲ ಅಂತ. ಪ್ರತಿಸಲ ನಾಲ್ಕು ಸಾಲು ಬರೆದು ಮುಗಿಸುತ್ತಿದ್ದೆ. ಅದಕ್ಕೇ ಪ್ರಶ್ನೆ ಸಾಯುತ್ತಿಲ್ಲ ಅನ್ನಿಸುತ್ತದೆ. ಈ ಸಲ ಬೇರಿನಿಂದಲೇ ಕೀಳೋಣ.

ಡೋಪಮೈನ್ ಇಲ್ಲದ ಪ್ರಾಣಿಯನ್ನು ಊಹಿಸಿಕೊಳ್ಳಬೇಕಾಗಿಲ್ಲ. ಅದನ್ನು ಮಾಡಿಯೇ ನೋಡಿದ್ದಾರೆ. 1995ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪಾಮಿಟರ್ ಅವರ ಪ್ರಯೋಗಾಲಯದಲ್ಲಿ. ಮೆದುಳು ಟೈರೋಸಿನ್ ಅನ್ನುವ ವಸ್ತುವಿನಿಂದ ಮೊದಲು ಎಲ್-ಡೋಪಾ ಮಾಡುತ್ತದೆ, ಎಲ್-ಡೋಪಾದಿಂದ ಡೋಪಮೈನ್ ಮಾಡುತ್ತದೆ. ಪಾಮಿಟರ್ ತಂಡ ಈ ಮೊದಲ ಹೆಜ್ಜೆಯ ಜೀನನ್ನು ಡೋಪಮೈನ್ ನರಕೋಶಗಳಲ್ಲಿ ಮಾತ್ರ ಕೆಲಸ ಮಾಡದ ಹಾಗೆ ಮಾಡಿತು. ಇಲಿಯ ಮೆದುಳಿನ ಸುಮಾರು 7 ಕೋಟಿ ನರಕೋಶಗಳಲ್ಲಿ ಡೋಪಮೈನ್ ಮಾಡುವವು ಬರೀ ಕೆಲವು ಹತ್ತು ಸಾವಿರ. ಅವು ಸಾಯಲಿಲ್ಲ, ಅವುಗಳ ತಂತುಗಳೂ ಚೆನ್ನಾಗಿಯೇ ಇದ್ದವು. ಅಂಗಡಿ ತೆರೆದಿದೆ, ಸರಕು ಮಾತ್ರ ಇಲ್ಲ.

ಮರಿಗಳು ಹುಟ್ಟಿದಾಗ ಸರಿಯಾಗಿಯೇ ಇದ್ದವು. ಕೆಲವು ವಾರ ಕಳೆಯುವಷ್ಟರಲ್ಲಿ ಓಡಾಟ ನಿಂತಿತು, ತಿನ್ನುವುದೂ ನಿಂತಿತು. ಹಾಗೇ ಬಿಟ್ಟರೆ ಸಾವು. ಆದರೆ ಎಲ್-ಡೋಪಾ ಚುಚ್ಚಿದರೆ ಕೆಲವೇ ನಿಮಿಷದಲ್ಲಿ ಎದ್ದು ಓಡಾಡಿ, ಮಾಮೂಲಿ ಇಲಿಗಳಿಗಿಂತ ಜಾಸ್ತಿ ತಿನ್ನುತ್ತಿದ್ದವು. ಮನೆಯಲ್ಲಿ ರುಬ್ಬುವ ಕಲ್ಲು ಕೆಟ್ಟರೇನು, ಅಂಗಡಿಯಿಂದ ಹಿಟ್ಟಿನ ಪ್ಯಾಕೆಟ್ ತಂದರೆ ದೋಸೆ ಆಗುತ್ತದಲ್ಲ, ಹಾಗೆ.

ಇಲ್ಲಿಗೆ ಬಂದಾಗ ಒಬ್ಬರಾದರೂ ಕೈ ಎತ್ತುತ್ತಾರೆ: "ನೋಡಿ, ಡೋಪಮೈನ್ ಇಲ್ಲ ಅಂದ ಮೇಲೆ ರುಚಿ ಸಿಗಲಿಲ್ಲ, ಅದಕ್ಕೇ ಊಟ ಬಿಟ್ಟವು. ನಾವು ಹೇಳಿದ್ದೂ ಅದೇ ತಾನೆ?"

ಅಲ್ಲ. ಊಟ ಬಿಟ್ಟವು ಅನ್ನುವುದು ಕಂಡದ್ದು. ರುಚಿ ಸಿಗಲಿಲ್ಲ ಅನ್ನುವುದು ನೀವು ಸೇರಿಸಿದ್ದು. ಈ ಎರಡನ್ನೂ ಬೇರೆ ಮಾಡಲು ಜನ ಎಷ್ಟು ಕಷ್ಟಪಟ್ಟಿದ್ದಾರೆ ಗೊತ್ತಾ?

ಮೊದಲು ತಪ್ಪು ಎಲ್ಲಿಂದ ಬಂತು ಅಂತ ನೋಡೋಣ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮೆದುಳಿಗೆ ತಂತಿ ಇಟ್ಟರು. ಸನ್ನೆಕೋಲು ಒತ್ತಿದರೆ ಅದೇ ಜಾಗಕ್ಕೆ ಸಣ್ಣ ಕರೆಂಟು. ಇಲಿ ಒತ್ತಿದ್ದೇ ಒತ್ತಿದ್ದು. (ಇದು ದೊಡ್ಡ ಇಲಿ. ಪಾಮಿಟರ್ ಅವರದು ಅಂಗೈಯಲ್ಲಿ ಹಿಡಿಸುವ ಪುಟ್ಟ ಇಲಿ. ಕನ್ನಡದಲ್ಲಿ ಎರಡನ್ನೂ ಇಲಿ ಅಂದುಬಿಡುತ್ತೇವೆ, ಅದಕ್ಕೆ ಹೇಳಿದೆ.) ಇಷ್ಟು ಒತ್ತುತ್ತಿದೆ ಅಂದರೆ ಸುಖವೇ ಇರಬೇಕು ಅಂದುಕೊಂಡರು. ಆಮೇಲೆ ಡೋಪಮೈನನ್ನು ತಡೆಯುವ ಔಷಧಿ ಕೊಟ್ಟಾಗ ಒತ್ತುವುದು ಕಡಿಮೆಯಾಯಿತು. ಸರಿ, ಡೋಪಮೈನೇ ಸುಖ ಅಂತ 1982ರಲ್ಲಿ ರಾಯ್ ವೈಸ್ ಅನ್ನುವ ವಿಜ್ಞಾನಿ ಬರೆದರು. ಮುಂದೆ ಅವರೇ ಆ ಮಾತಿನಿಂದ ಹಿಂದೆ ಸರಿದರು. ವಾಟ್ಸ್ಯಾಪ್ ಇನ್ನೂ ಸರಿದಿಲ್ಲ.

ಇಲಿಗೆ ರುಚಿ ಸಿಕ್ಕಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಮುಖ ನೋಡಿ. ಹಸುಗೂಸಿನ ನಾಲಿಗೆಗೆ ಸಕ್ಕರೆ ನೀರು ಸೋಕಿಸಿದರೆ ತುಟಿ ಚಪ್ಪರಿಸುತ್ತದೆ. ಬಜೆ ತೇಯ್ದು ನೆಕ್ಕಿಸಿ, ಮುಖ ಕಿವಿಚಿ ಬಾಯಿ ಅಗಲಿಸುತ್ತದೆ. ಇಲಿಯೂ ಹಾಗೆಯೇ. ಸಿಹಿ ಬಿದ್ದರೆ ನಾಲಿಗೆ ಹೊರಗೆ ಹಾಕಿ ಬಾಯಿ ಸುತ್ತ ನೆಕ್ಕಿಕೊಳ್ಳುತ್ತದೆ, ಮುಂಗಾಲನ್ನೂ ನೆಕ್ಕುತ್ತದೆ. ಕಹಿ ಬಿದ್ದರೆ ಬಾಯಿ ಅಗಲಿಸಿ ತಲೆ ಕೊಡವುತ್ತದೆ. ಇದನ್ನು ವಿಡಿಯೋ ಮಾಡಿ ನಿಧಾನವಾಗಿ ಓಡಿಸಿ ಎಣಿಸುತ್ತಾರೆ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರು 1989ರಲ್ಲಿ ದೊಡ್ಡ ಇಲಿಗಳ ಮೆದುಳಿನ ಡೋಪಮೈನನ್ನು ಹೆಚ್ಚುಕಡಿಮೆ ಪೂರ್ತಿ ಅಳಿಸಿ ಈ ಎಣಿಕೆ ಮಾಡಿದರು. ಆ ಇಲಿಗಳು ತಾವಾಗಿ ಏನೂ ತಿನ್ನುತ್ತಿರಲಿಲ್ಲ. ಆದರೆ ಬಾಯಿಗೇ ಸಕ್ಕರೆ ನೀರು ಬಿಟ್ಟರೆ, ಆರೋಗ್ಯದ ಇಲಿಗಳ ಹಾಗೆಯೇ ಚಪ್ಪರಿಸಿದವು. ರುಚಿ ಅಲ್ಲೇ ಇತ್ತು. ಎದ್ದು ಹೋಗಿ ತಗೊಳ್ಳುವ ತಳ್ಳು ಇರಲಿಲ್ಲ.

ಸಾಲದಾ? 2003ರಲ್ಲಿ ಪಾಮಿಟರ್ ತಂಡ ತಮ್ಮ ಡೋಪಮೈನ್ ಇಲ್ಲದ ಪುಟ್ಟ ಇಲಿಗಳ ಮುಂದೆ ಸಿಹಿ ನೀರು, ಸಪ್ಪೆ ನೀರು ಎರಡನ್ನೂ ಇಟ್ಟಿತು. ಬಾಟಲಿಯ ಹತ್ತಿರ ಹೋಗಿ ನೆಕ್ಕಲು ಶುರು ಮಾಡಿದ್ದು ಕಡಿಮೆ ಸಲ, ನಿಜ. ಆದರೆ ಆರಿಸಿಕೊಂಡದ್ದು ಸಿಹಿಯನ್ನೇ.

ಅದೇ ವರ್ಷ ಇನ್ನೊಂದು ತಂಡ ಉಲ್ಟಾ ಪ್ರಯೋಗ ಮಾಡಿತು. ಇವರ ಪುಟ್ಟ ಇಲಿಗಳಲ್ಲಿ ನರಕೋಶಗಳ ನಡುವಿನ ಡೋಪಮೈನ್ ಶೇ. 70ರಷ್ಟು ಜಾಸ್ತಿ. ಸಿಹಿ ಇಟ್ಟ ಓಣಿಯ ಬಾಗಿಲು ತೆಗೆದರೆ ಬೇಗ ಹೊರಟವು, ನಡುವೆ ಕಡಿಮೆ ನಿಂತವು, ನೇರವಾಗಿ ಸಿಹಿಯ ಹತ್ತಿರ ಹೋದವು. ಬಾಯಿಗೆ ಸಕ್ಕರೆ ನೀರು ಬಿಟ್ಟಾಗ? ಚಪ್ಪರಿಸಿದ್ದು ಮಾಮೂಲಿ ಇಲಿಗಳಿಗಿಂತ ಒಂದು ಚೂರೂ ಹೆಚ್ಚಿಲ್ಲ.

ಡೋಪಮೈನ್ ಶೂನ್ಯ, ರುಚಿ ಇದೆ. ಡೋಪಮೈನ್ ಜಾಸ್ತಿ, ರುಚಿ ಅಷ್ಟೇ ಇದೆ. ಇನ್ನೂ ಅದನ್ನು ಖುಷಿಯ ರಾಸಾಯನಿಕ ಅನ್ನುವವರ ಜೊತೆ ನನಗೆ ವಾದ ಇಲ್ಲ. ಬೋನಿನಲ್ಲಿಟ್ಟ ಕೊಬ್ಬರಿಯ ವಾಸನೆಗೆ ಅಟ್ಟದಿಂದ ಇಳಿದು ಬರುವುದು ಒಂದು ಕೆಲಸ, ಕೊಬ್ಬರಿ ಕಡಿದಾಗ ರುಚಿ ಅನ್ನಿಸುವುದು ಇನ್ನೊಂದು ಕೆಲಸ. ಡೋಪಮೈನ್ ಮುಖ್ಯವಾಗಿ ಮೊದಲನೆಯದಕ್ಕೆ ಬೇಕು. ರೀಲ್ಸ್ ವಿಷಯಕ್ಕೆ ಬಂದರೆ, ರಾತ್ರಿ ಹನ್ನೊಂದಕ್ಕೆ ಬೇಜಾರು ಬಂದ ಮೇಲೂ ಬೆರಳು ಮೇಲಕ್ಕೆ ತಳ್ಳುತ್ತಲೇ ಇರುತ್ತದಲ್ಲ, ಆಗ ನಿಮಗೆ ಖುಷಿ ಆಗುತ್ತಿರುತ್ತದಾ?

"ಡೋಪಮೈನ್ ಹೆಚ್ಚಾಯಿತು, ಕಡಿಮೆಯಾಯಿತು" ಅಂತ ಪೆಟ್ರೋಲಿನ ಹಾಗೆ ಮಾತಾಡುವುದೂ ಅರ್ಧ ಮಾತು. ಎಷ್ಟು ಅನ್ನುವುದರ ಜೊತೆ ಎಲ್ಲಿ ಅಂತಲೂ ಕೇಳಬೇಕು. ಪಾಮಿಟರ್ ತಂಡ 2001ರಲ್ಲಿ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಅದೇ ಡೋಪಮೈನ್ ಇಲ್ಲದ ಇಲಿಗಳು. ಆದರೆ ಈ ಸಲ ಮೆದುಳಿನ ಒಂದೊಂದು ಜಾಗದಲ್ಲಿ ಮಾತ್ರ ಡೋಪಮೈನ್ ತಯಾರಿಕೆ ಮರಳಿಸಿದರು. ಕಾಡೇಟ್ ಪ್ಯುಟಾಮೆನ್ ಅನ್ನುವ ಜಾಗಕ್ಕೆ ಕೊಟ್ಟಾಗ ಇಲಿ ತನ್ನ ಮಾಮೂಲಿ ಆಹಾರ ತಿನ್ನತೊಡಗಿತು, ಗೂಡನ್ನೂ ಕಟ್ಟಿತು. ಅದರ ಕೆಳಗೇ ಇರುವ ನ್ಯೂಕ್ಲಿಯಸ್ ಅಕಂಬೆನ್ಸ್‌ಗೆ ಕೊಟ್ಟಾಗ ಹೊಸ ಜಾಗವನ್ನು ಸುತ್ತಾಡಿ ಮೂಸಿ ನೋಡುವ ಗುಣ ಮರಳಿತು. ರಾಸಾಯನಿಕ ಒಂದೇ, ತಲುಪಿದ ಮನೆ ಬೇರೆ, ಬಂದ ನಡವಳಿಕೆಯೂ ಬೇರೆ. ಒಂದೇ ಜಾಗದೊಳಗೂ ದಾರಿ ಎರಡಿವೆ. 2010ರಲ್ಲಿ ಪುಟ್ಟ ಇಲಿಗಳ ಸ್ಟ್ರಯೇಟಂನಲ್ಲಿ (ಮೇಲಿನ ಎರಡೂ ಜಾಗ ಸೇರಿದ ಭಾಗ) ಡೋಪಮೈನ್ ಪಡೆಯುವ ಒಂದು ಬಗೆಯ ಕೋಶಗಳನ್ನು ಬೆಳಕು ಬಿಟ್ಟು ಎಬ್ಬಿಸಿದಾಗ ಇಲಿ ಓಡಿತು, ಪಕ್ಕದ ಇನ್ನೊಂದು ಬಗೆಯನ್ನು ಎಬ್ಬಿಸಿದಾಗ ಪಾರ್ಕಿನ್ಸನ್ ರೋಗಿಯ ಹಾಗೆ ನಿಂತುಬಿಟ್ಟಿತು. (ಡೋಪಮೈನ್ ನರಕೋಶಗಳು ಸಾಯುತ್ತ ಹೋಗಿ ಓಡಾಟವೇ ಕಷ್ಟವಾಗುವ ಕಾಯಿಲೆ ಅದು.)

ಪಾರ್ಕಿನ್ಸನ್ ಅಂದ ಕೂಡಲೇ ನನಗೆ ನಸುಗುನ್ನಿ ನೆನಪಾಗುತ್ತದೆ. ಯಾರೂ ಕೇಳಿಲ್ಲ, ಗೊತ್ತು. ಆದರೂ ಹೇಳುತ್ತೇನೆ. ಬೇಲಿ ಮೇಲೆ ಹಬ್ಬಿದ ಬಳ್ಳಿ, ಮೈತುಂಬ ಕಂದು ರೋಮದ ಕಾಯಿ. ಚಿಕ್ಕವನಿದ್ದಾಗ ಅದನ್ನು ಮುಟ್ಟಿ, ಇಡೀ ಮಧ್ಯಾಹ್ನ ತುರಿಸಿಕೊಂಡು, ಕೊನೆಗೆ ಅಜ್ಜಿಯ ಕೈಯಲ್ಲಿ ಸಗಣಿ ಬಳಿಸಿಕೊಂಡವನು ನಾನು. ಆ ಕಾಯಿಯ ಬೀಜದಲ್ಲಿರುವುದು ಪಾಮಿಟರ್ ಇಲಿಗಳಿಗೆ ಚುಚ್ಚಿದ ಅದೇ ಎಲ್-ಡೋಪಾ. ದಾಮೋದರನ್ ಮತ್ತು ರಾಮಸ್ವಾಮಿ ಅನ್ನುವವರು 1937ರಲ್ಲೇ ಅದನ್ನು ಬೀಜದಿಂದ ಬೇರ್ಪಡಿಸಿ ತೋರಿಸಿದ್ದರು. ಪಾರ್ಕಿನ್ಸನ್‌ಗೆ ಅದನ್ನು ಔಷಧಿಯಾಗಿ ಕೊಡಲು ಶುರು ಮಾಡಿದ್ದು ಎರಡು ದಶಕಗಳಾದ ಮೇಲೆ.

ಈಗ ಅದರ ಪುಡಿಯನ್ನು ಡಬ್ಬಿಯಲ್ಲಿ ತುಂಬಿ "ಡೋಪಮೈನ್ ಬೂಸ್ಟರ್" ಅಂತ ಮಾರುತ್ತಾರೆ. ಖುಷಿ ಬರುತ್ತದೆ ಅಂತ ತಗೊಳ್ಳುವವರು ಮೇಲಿನ ಇಲಿಗಳನ್ನು ಇನ್ನೊಮ್ಮೆ ಓದಿ. ಪಾರ್ಕಿನ್ಸನ್ ಮಾತ್ರೆಯಲ್ಲಿ ಎಲ್-ಡೋಪಾ ಜೊತೆ ಕಾರ್ಬಿಡೋಪಾ ಅಂತ ಇನ್ನೊಂದು ಔಷಧಿ ಇರುತ್ತದೆ. ಎಲ್-ಡೋಪಾ ಮೆದುಳು ಸೇರುವ ಮೊದಲೇ ದಾರಿಯಲ್ಲಿ ಡೋಪಮೈನ್ ಆಗಿಬಿಡದ ಹಾಗೆ ಅದು ತಡೆಯುತ್ತದೆ. ಹಾಗೆ ದಾರಿಯಲ್ಲಿ ಆದ ಡೋಪಮೈನ್ ರಕ್ತದಿಂದ ಮೆದುಳಿನೊಳಗೆ ದಾಟುವುದಿಲ್ಲ, ವಾಕರಿಕೆ ಮಾತ್ರ ತರುತ್ತದೆ. ಪುಡಿಯಲ್ಲಿ ಈ ಕಾವಲು ಇಲ್ಲ. ಮನೆಯಲ್ಲಿ ಯಾರಾದರೂ ಈಗಾಗಲೇ ಆ ಮಾತ್ರೆ ನುಂಗುತ್ತಿದ್ದರೆ, ಡಾಕ್ಟರಿಗೆ ಹೇಳದೆ ಪುಡಿ ಶುರು ಮಾಡಿಸಬೇಡಿ. ಎರಡರಲ್ಲೂ ಇರುವುದು ಒಂದೇ ಔಷಧಿ, ಡೋಸಿನ ಲೆಕ್ಕ ತಪ್ಪುತ್ತದೆ.