ಪೆರುವಿನ ವಿಮಾನ ದುರಂತಗಳು: ಮಾಪಕದ ಅಂಕಿ ಎಲ್ಲಿಂದ ಬಂತು?

ಪೆರು ದೇಶದ ಎರಡು ದೊಡ್ಡ ವಿಮಾನ ನಿಲ್ದಾಣಗಳಿಗೆ ಹಾರಾಟದಲ್ಲೇ ಪ್ರಾಣ ಬಿಟ್ಟವರ ಹೆಸರಿದೆ. ಲಿಮಾ ನಿಲ್ದಾಣಕ್ಕೆ ಹೆಸರಾದ ಹೋರ್ಹೆ ಚಾವೆಸ್ 1910ರ ಸೆಪ್ಟೆಂಬರ್ 23ರಂದು ಆಲ್ಪ್ಸ್ ದಾಟಿದರು. ಆದರೆ ಇಟಲಿಯ ದೊಮೊದೊಸ್ಸೊಲಾದಲ್ಲಿ ಇಳಿಯುವಾಗ ಅವರ ವಿಮಾನ ಬಿದ್ದಿತು, ನಾಲ್ಕು ದಿನಗಳ ನಂತರ ತೀರಿಕೊಂಡರು. ಕುಸ್ಕೊ ನಿಲ್ದಾಣದ ಹೆಸರಿನ ಅಲೆಹಾಂದ್ರೊ ವೆಲಾಸ್ಕೊ ಅಸ್ತೆತೆ 1925ರಲ್ಲಿ ಪೂನೊದಲ್ಲಿ ಹೀಗೆಯೇ ಜೀವ ಕಳೆದುಕೊಂಡರು.

ಈ ದೇಶದ ಭೂಗೋಳ ತಿಳಿಯದೆ ಅಲ್ಲಿನ ಅಪಘಾತಗಳು ಅರ್ಥವಾಗುವುದಿಲ್ಲ. ಪಶ್ಚಿಮಕ್ಕೆ ಕೋಸ್ತಾ, ಅಂದರೆ ಪೆಸಿಫಿಕ್ ಸಾಗರದ ಅಂಚಿನ ಒಣ ಕರಾವಳಿ. ನಡುವೆ ಸಿಯೆರಾ, ಆಂಡಿಸ್ ಪರ್ವತಸಾಲು. ಪೂರ್ವಕ್ಕೆ ಸೆಲ್ವಾ, ಅಮೆಜಾನ್ ಕಾಡು. ಲಿಮಾದಿಂದ ಹೊರಟ ವಿಮಾನ ಒಂದು ಗಂಟೆಯೊಳಗೆ ಈ ಮೂರನ್ನೂ ದಾಟಬಹುದು. ಕರಾವಳಿಯಲ್ಲಿ ರಾತ್ರಿ ಸಮುದ್ರದ ಮೇಲೆ ದಿಗಂತ ಕಾಣದು, ಪರ್ವತದಲ್ಲಿ ಗಾಳಿ ತೆಳು, ಕಾಡಿನ ಮೇಲೆ ಗುಡುಗು ಮೋಡ. ಇವುಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ಜಾಗ ಕೊಡುತ್ತೇವೆ. ಅಲ್ಲಿ ನಡೆದ ಒಂದು ಅಪಘಾತ ಚೆನ್ನಾಗಿ ಅರ್ಥವಾದರೆ ಬೇರೆ ಹತ್ತು ವರದಿಗಳನ್ನು ಓದುವುದು ಸುಲಭವಾಗುತ್ತದೆ.

ಎರಡು ರಂಧ್ರ, ಮೂರು ಮಾಪಕ

ಸುತ್ತಲಿನ ಗಾಳಿಯನ್ನು ಅಳೆಯಲು ವಿಮಾನಕ್ಕೆ ಎರಡು ಬಗೆಯ ಬಾಯಿಗಳಿವೆ. ಮುಂದಕ್ಕೆ ಮುಖ ಮಾಡಿದ ಪಿಟೊ ಟ್ಯೂಬ್ ಎದುರುಗಾಳಿಯ ಒಟ್ಟು ಒತ್ತಡವನ್ನು ಹಿಡಿಯುತ್ತದೆ. ವಿಮಾನದ ಪಕ್ಕೆಯಲ್ಲಿ ಸಮತಟ್ಟಾದ ಲೋಹದ ಮೇಲಿರುವ ಸಣ್ಣ ತೂತುಗಳು ಸ್ಟ್ಯಾಟಿಕ್ ಪೋರ್ಟ್‌ಗಳು. ಇವು ಆ ಎತ್ತರದ ವಾತಾವರಣದ ಒತ್ತಡವನ್ನು ಮಾತ್ರ ಹಿಡಿಯುತ್ತವೆ. ಎತ್ತರಮಾಪಕವೂ ಏರಿಳಿತದ ದರ ತೋರಿಸುವ ಮಾಪಕವೂ ಸ್ಟ್ಯಾಟಿಕ್ ಒತ್ತಡದಿಂದಲೇ ನಡೆಯುತ್ತವೆ. ವೇಗಮಾಪಕಕ್ಕೆ ಎರಡೂ ಬೇಕು: ಒಟ್ಟು ಒತ್ತಡದಲ್ಲಿ ಸ್ಟ್ಯಾಟಿಕ್ ಒತ್ತಡವನ್ನು ಕಳೆದು ಉಳಿದದ್ದರಿಂದ ಅದು ವೇಗವನ್ನು ಲೆಕ್ಕ ಹಾಕುತ್ತದೆ.

ಸ್ಟ್ಯಾಟಿಕ್ ಪೋರ್ಟ್ ಪೂರ್ತಿ ಮುಚ್ಚಿಹೋಯಿತು ಎಂದುಕೊಳ್ಳಿ. ಒಳಗೆ ಸಿಕ್ಕಿಬಿದ್ದ ಗಾಳಿ ನೆಲದ ಮಟ್ಟದ ಒತ್ತಡದಲ್ಲೇ ಉಳಿಯುತ್ತದೆ. ವಿಮಾನ ಮೇಲೇರಿದರೂ ಎತ್ತರಮಾಪಕ ಅಲುಗಾಡದು, ಏರಿಳಿತದ ಮಾಪಕ ಸೊನ್ನೆ ತೋರಿಸುತ್ತದೆ. ಕಳೆಯುವ ಸಂಖ್ಯೆ ಇರಬೇಕಾದುದಕ್ಕಿಂತ ದೊಡ್ಡದಾದ್ದರಿಂದ ವೇಗ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಇಳಿಯುವಾಗ ಇದು ತಿರುಗಾಮುರುಗ: ಎತ್ತರದ ಕಡಿಮೆ ಒತ್ತಡವೇ ಒಳಗೆ ಉಳಿದುಬಿಟ್ಟರೆ ಎತ್ತರವೂ ವೇಗವೂ ನಿಜಕ್ಕಿಂತ ಹೆಚ್ಚು ಕಾಣುತ್ತವೆ. ಪಿಟೊ ಟ್ಯೂಬ್ ಮುಚ್ಚಿದರೆ ಫಲ ಬೇರೆ. ಆಗ ಎತ್ತರಮಾಪಕ ಸರಿಯಾಗಿರುತ್ತದೆ, ವೇಗ ಮಾತ್ರ ವಿಮಾನ ಏರಿದಂತೆಲ್ಲ ಸುಳ್ಳಾಗಿ ಹೆಚ್ಚುತ್ತದೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ತೀರದಲ್ಲಿ 189 ಜನರೊಂದಿಗೆ ಬಿದ್ದ ಬಿರ್ಗೆನ್‌ಏರ್ 757ರಲ್ಲಿ ಆದದ್ದು ಇದು. ಇದೂ, ಮುಂದೆ ನೋಡಲಿರುವ ಏರೋಪೆರು ಸಂಸ್ಥೆಯ 603ನೇ ಹಾರಾಟದ ವಿಮಾನವೂ 757, ಎರಡು ಅಪಘಾತಗಳೂ ಒಂದೇ ವರ್ಷದವು. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡುವುದು ತೀರ ಸಾಮಾನ್ಯ ತಪ್ಪು.

ಏರೋಪೆರು 603: 29 ನಿಮಿಷ

1996ರ ಅಕ್ಟೋಬರ್ 2, ರಾತ್ರಿ 12:42. ಲಿಮಾದಿಂದ ಚಿಲಿಯ ಸಾಂತಿಯಾಗೊಗೆ ಹೊರಟ ಬೋಯಿಂಗ್ 757ರಲ್ಲಿ 61 ಪ್ರಯಾಣಿಕರು, 9 ಸಿಬ್ಬಂದಿ. ನೆಲ ಬಿಟ್ಟ ಕೂಡಲೇ ಎತ್ತರಮಾಪಕಗಳು ಕೈಕೊಟ್ಟವು.

ಹಾರಾಟಕ್ಕೆ ಮೊದಲು ವಿಮಾನದ ಕೆಳಮೈಯನ್ನು ತೊಳೆದು ಉಜ್ಜಲಾಗಿತ್ತು. ಆ ಕೆಲಸ ಮಾಡುವಾಗ ನೀರು, ಪಾಲಿಶ್ ಒಳಗೆ ಹೋಗದಂತೆ ಸ್ಟ್ಯಾಟಿಕ್ ಪೋರ್ಟ್ ಮುಚ್ಚುವುದು ಸರಿಯಾದ ಕ್ರಮವೇ. ಹೇಗೆ ಮುಚ್ಚಿದರು ಎಂಬುದರಲ್ಲಿ ತಪ್ಪಾಯಿತು. ದೂರದಿಂದಲೇ ಕಣ್ಣಿಗೆ ಹೊಡೆಯುವ ಬಣ್ಣದ, ಜೋಲಾಡುವ ಪಟ್ಟಿ ಇರುವ ಮುಚ್ಚಳ ಹಾಕಬೇಕು, ಹಾಕಿದ್ದನ್ನು ದಾಖಲೆಯಲ್ಲಿ ಬರೆಯಬೇಕು, ತೆಗೆದದ್ದಕ್ಕೆ ಇನ್ನೊಬ್ಬರು ಸಹಿ ಹಾಕಬೇಕು. ಇಲ್ಲಿ ಎಡಪಕ್ಕದ ಪೋರ್ಟ್‌ಗಳಿಗೆ ಲೋಹದ ಮೈಬಣ್ಣದಲ್ಲೇ ಬೆರೆತುಹೋಗುವ ಅಂಟುಪಟ್ಟಿ ಹಚ್ಚಿದ್ದರು. ಕೆಲಸ ಮುಗಿದ ಮೇಲೆ ಅದನ್ನು ಕೀಳಲಿಲ್ಲ. ಮೇಲ್ವಿಚಾರಣೆಯಲ್ಲೂ ಅದು ಸಿಗಲಿಲ್ಲ. ರಾತ್ರಿ ವಿಮಾನದ ಸುತ್ತ ನಡೆದು ನೋಡುವ ಪೈಲಟ್‌ನ ತಪಾಸಣೆಯಲ್ಲೂ ಸಿಗಲಿಲ್ಲ. ಮುಂದೆ ನ್ಯಾಯಾಲಯ ಅಪರಾಧಿ ಎಂದದ್ದು ಅಂಟುಪಟ್ಟಿ ಬಿಟ್ಟ ಕೆಲಸಗಾರನನ್ನು. ಈ ಸರಪಳಿಯ ಉಳಿದ ಕೊಂಡಿಗಳನ್ನು ಬಿಟ್ಟು ಅವನೊಬ್ಬನನ್ನೇ ನೆನಪಿಟ್ಟುಕೊಂಡರೆ ಈ ಅಪಘಾತವನ್ನು ಅರ್ಧವೇ ಓದಿದಂತೆ.

ಗಾಳಿಯಲ್ಲಿ ಆದದ್ದು ಪಠ್ಯದ ಸರಳ ಉದಾಹರಣೆಯಷ್ಟು ಶುಭ್ರವಾಗಿರಲಿಲ್ಲ. ಅಂಕಿಗಳು ಒಂದೆಡೆ ನಿಲ್ಲದೆ ತಪ್ಪು ತಪ್ಪಾಗಿ ಏರಿಳಿದವು. ಒಂದೇ ಹೊತ್ತಿಗೆ ಎರಡು ವಿರುದ್ಧ ಎಚ್ಚರಿಕೆಗಳು ಬಂದವು: ವೇಗ ಮಿತಿ ಮೀರಿದೆ ಎಂಬ ಸದ್ದು ಒಂದು, ಸ್ಟಾಲ್ ಆಗಲಿದೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳಲಿದೆ, ಎಂದು ಹಿಡಿಯನ್ನೇ ನಡುಗಿಸುವ ಸ್ಟಿಕ್ ಶೇಕರ್ ಇನ್ನೊಂದು. ಕಲಿಯುವವರು ಇಲ್ಲಿ ನಿಂತು ಎರಡರ ಮೂಲವನ್ನು ಹುಡುಕಬೇಕು. ವೇಗದ ಎಚ್ಚರಿಕೆ ಹುಟ್ಟುವುದು ಕೆಟ್ಟುಹೋದ ಸ್ಟ್ಯಾಟಿಕ್ ಒತ್ತಡದ ಲೆಕ್ಕದಿಂದ. ಸ್ಟಿಕ್ ಶೇಕರ್ ನಡೆಯುವುದು ಗಾಳಿಗೆ ರೆಕ್ಕೆ ಯಾವ ಕೋನದಲ್ಲಿದೆ ಎಂದು ಅಳೆಯುವ ಪುಟ್ಟ ತಿರುಗುಪಟ್ಟಿಯಿಂದ. ಅದಕ್ಕೂ ಮುಚ್ಚಿದ ತೂತಿಗೂ ಸಂಬಂಧವಿಲ್ಲ. ಅಂದರೆ ಎರಡರಲ್ಲಿ ನಂಬಬೇಕಾದದ್ದು ಸ್ಟಿಕ್ ಶೇಕರ್. ಕತ್ತಲಲ್ಲಿ, ಹತ್ತು ಸದ್ದುಗಳ ನಡುವೆ, ಇಬ್ಬರು ಪೈಲಟ್‌ಗಳಿಗೆ ಇದನ್ನು ವಿಂಗಡಿಸುವುದು ಎಷ್ಟು ಕಷ್ಟವಾಗಿತ್ತು ಎಂಬುದನ್ನೂ ಮರೆಯಬಾರದು.

ಸಿಬ್ಬಂದಿ ಲಿಮಾ ನಿಯಂತ್ರಣ ಕೇಂದ್ರವನ್ನು ತಮ್ಮ ಎತ್ತರ ಕೇಳಿದರು. 9,700 ಅಡಿ ಎಂಬ ಉತ್ತರ ಬಂತು. ವಿಮಾನದ ಮಾಪಕವೂ ಅದನ್ನೇ ಹೇಳುತ್ತಿತ್ತು, ಎರಡೂ ತಾಳೆಯಾದದ್ದರಿಂದ ನಂಬಿಕೆ ಗಟ್ಟಿಯಾಯಿತು. ಆದರೆ ರೇಡಾರ್ ಎತ್ತರವನ್ನು ತಾನಾಗಿ ಅಳೆಯುವುದಿಲ್ಲ. ವಿಮಾನದ ಟ್ರಾನ್ಸ್‌ಪಾಂಡರ್ ಕಳಿಸಿದ ಅಂಕಿಯನ್ನೇ ಪರದೆಯಲ್ಲಿ ತೋರಿಸುತ್ತದೆ, ಟ್ರಾನ್ಸ್‌ಪಾಂಡರ್‌ಗೆ ಆ ಅಂಕಿ ಸಿಗುವುದು ಅದೇ ಸ್ಟ್ಯಾಟಿಕ್ ಒತ್ತಡದಿಂದ. ಇಬ್ಬರು ಸಾಕ್ಷಿಗಳು ಎಂದುಕೊಂಡಲ್ಲಿ ಇದ್ದದ್ದು ಒಬ್ಬನೇ, ಅವನ ಮಾತೇ ಮರುದನಿಯಾಗಿ ಬಂದಿತ್ತು. ಈ ಇಡೀ ಟಿಪ್ಪಣಿಯಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ಅದೇ ಹೊತ್ತಿಗೆ ನೆಲ ಹತ್ತಿರವಿದೆ ಎಂಬ ಎಚ್ಚರಿಕೆಯೂ ಕೂಗುತ್ತಿತ್ತು. ಅದರ ಆಧಾರ ರೇಡಿಯೊ ಆಲ್ಟಿಮೀಟರ್: ಕೆಳಕ್ಕೆ ರೇಡಿಯೊ ಅಲೆ ಬಿಟ್ಟು, ಅದು ಮರಳಿ ಬರುವ ಹೊತ್ತಿನಿಂದ ದೂರ ಅಳೆಯುತ್ತದೆ, ಸುಮಾರು 2,500 ಅಡಿಯಿಂದ ಕೆಳಗೆ. ಗಾಳಿಯ ಒತ್ತಡದ ಹಂಗು ಅದಕ್ಕಿಲ್ಲ. ನಿಜ ಹೇಳುತ್ತಿದ್ದದ್ದು ಅದು. 9,700 ಅಡಿ ಎಂದು ಮಾಪಕ ತೋರಿಸುತ್ತಿರುವಾಗಲೇ ಎಡರೆಕ್ಕೆ ನೀರಿಗೆ ತಾಗಿತು. ವಿಮಾನ ಕೆಲವು ಸೆಕೆಂಡು ಮೇಲೆದ್ದು, ಮಗುಚಿ ಸಮುದ್ರಕ್ಕೆ ಬಿತ್ತು. ಎಪ್ಪತ್ತೂ ಜನ ಸತ್ತರು.

ಇಂಥ ಸ್ಥಿತಿಗೆ ಇಂದು ಕಲಿಸುವ ಕ್ರಮ ಹೀಗಿದೆ. ಆಟೊಪೈಲಟ್, ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೊಥ್ರಾಟಲ್ ಎರಡನ್ನೂ ಬಿಡಿಸಿ. ವೇಗಮಾಪಕವನ್ನು ಮರೆತು ಮೂಗಿನ ಕೋನ ಮತ್ತು ಎಂಜಿನ್ ಶಕ್ತಿಯನ್ನು ಗೊತ್ತಾದ ಅಂಕಿಗೆ ತನ್ನಿ. ಬೋಯಿಂಗ್ 737 ಎನ್‌ಜಿಯಲ್ಲಿ ಬಾಯಿಪಾಠವಾಗಿರಬೇಕಾದ ಅಂಕಿಗಳು: ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನಿಂದ ಹೊರಚಾಚುವ ಪಟ್ಟಿ) ಒಳಗಿದ್ದರೆ 4 ಡಿಗ್ರಿ ಮತ್ತು 75 ಶೇಕಡಾ ಎನ್1 (ಎಂಜಿನ್ನಿನ ಮುಂಭಾಗದ ಫ್ಯಾನ್ ತಿರುಗುವ ವೇಗ), ಫ್ಲ್ಯಾಪ್ ಹೊರಗಿದ್ದರೆ 10 ಡಿಗ್ರಿ ಮತ್ತು 80 ಶೇಕಡಾ. ಹೀಗಿಟ್ಟರೆ ವಿಮಾನ ಸ್ಟಾಲ್ ಆಗದು, ವೇಗದ ಮಿತಿಯನ್ನೂ ಮೀರದು. ಸಿಕ್ಕ ಸಮಯದಲ್ಲಿ ಯಾವ ಮಾಪಕ ನಂಬಿಕೆಗೆ ಅರ್ಹ ಎಂದು ವಿಂಗಡಿಸಬಹುದು.

ಅರೆಕಿಪಾ: ಮಾಪಕ ಸರಿ, ತಿರುಪು ತಪ್ಪು

ಅದೇ ವರ್ಷದ ಫೆಬ್ರವರಿ 29ರ ರಾತ್ರಿ ಫಾಸೆಟ್ 251, ಒಂದು ಬೋಯಿಂಗ್ 737-200, ಅರೆಕಿಪಾ ಹತ್ತಿರ ಗುಡ್ಡಕ್ಕೆ ಬಡಿದು 123 ಜನ ಸತ್ತರು. ಪೆರುವಿನ ನೆಲದಲ್ಲಿ ಇದಕ್ಕಿಂತ ಹೆಚ್ಚು ಜೀವ ತೆಗೆದ ವಿಮಾನ ಅಪಘಾತವಿಲ್ಲ. ಇಲ್ಲಿ ಯಾವ ತೂತೂ ಮುಚ್ಚಿರಲಿಲ್ಲ. ಎತ್ತರಮಾಪಕಕ್ಕೆ ಆ ದಿನದ ಸ್ಥಳೀಯ ವಾಯುಒತ್ತಡವನ್ನು ತಿರುಪಿ ಕೂಡಿಸಬೇಕು. ಆ ಅಂಕಿ ತಪ್ಪಾಗಿತ್ತು. 9,500 ಅಡಿಯಲ್ಲಿದ್ದೇವೆ ಎಂದು ಸಿಬ್ಬಂದಿ ತಿಳಿದಿದ್ದಾಗ ವಿಮಾನ ಅದಕ್ಕಿಂತ ನೂರಾರು ಅಡಿ ಕೆಳಗಿತ್ತು. ಒತ್ತಡದ ಅಂಕಿ ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ ಸುಮಾರು 28 ಅಡಿ ವ್ಯತ್ಯಾಸ, ಹತ್ತು ತಪ್ಪಿದರೆ 280 ಅಡಿ. ಬಯಲಲ್ಲಿ ಇದರಿಂದ ಪಾರಾಗಬಹುದು. 2,562 ಮೀಟರ್ ಎತ್ತರದಲ್ಲಿರುವ, ಸುತ್ತ ಬೆಟ್ಟಗಳಿರುವ ಅರೆಕಿಪಾದಲ್ಲಿ ಸಾಧ್ಯವಿಲ್ಲ.

ತೆಳುಗಾಳಿಯ ಲೆಕ್ಕ

ಕುಸ್ಕೊ ನಿಲ್ದಾಣ 3,310 ಮೀಟರ್, ಹೌಹಾ 3,363 ಮೀಟರ್ ಎತ್ತರದಲ್ಲಿವೆ. ಮಾದರಿ ವಾತಾವರಣದಲ್ಲಿ ಈ ಎತ್ತರದ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು 72 ಶೇಕಡಾ. ಮಾಪಕ 130 ನಾಟ್ ತೋರಿಸಿದರೆ ನಿಜವಾದ ವೇಗ 154 ನಾಟ್ ಹತ್ತಿರ ಬರುತ್ತದೆ. ವೇಗ 18 ಶೇಕಡಾ ಹೆಚ್ಚು ಎಂದರೆ ಚಕ್ರಗಳೂ ಬ್ರೇಕುಗಳೂ ನುಂಗಬೇಕಾದ ಚಲನಶಕ್ತಿ ಸುಮಾರು 40 ಶೇಕಡಾ ಹೆಚ್ಚು. ಬಿಸಿಲೇರಿದರೆ ಲೆಕ್ಕ ಇನ್ನೂ ಕೆಡುತ್ತದೆ.

1970ರ ಆಗಸ್ಟ್ 9ರಂದು ಲಾನ್ಸಾ 502, ನಾಲ್ಕು ಎಂಜಿನ್ನಿನ ಲಾಕ್‌ಹೀಡ್ ಎಲೆಕ್ಟ್ರಾ, ಕುಸ್ಕೊದಿಂದ ಏರುವಾಗ ಮೂರನೆಯ ಎಂಜಿನ್ ಕೆಟ್ಟಿತು. ಮರಳಲು ತಿರುಗುತ್ತಿದ್ದಾಗ ವಿಮಾನ ನೆಲಕ್ಕೆ ಬಿತ್ತು. ಒಳಗಿದ್ದ 100 ಜನರಲ್ಲಿ ಉಳಿದದ್ದು ಸಹಪೈಲಟ್ ಒಬ್ಬರೇ, ನೆಲದಲ್ಲಿದ್ದ ಇಬ್ಬರೂ ಸತ್ತರು. ತನಿಖೆ ದೂಷಿಸಿದ್ದು ಎಂಜಿನ್ ಕೈಕೊಟ್ಟಾಗ ಅನುಸರಿಸಿದ ಕ್ರಮವನ್ನು, ಭಾರ ತುಂಬಿದ ರೀತಿಯನ್ನು, ನಿರ್ವಹಣೆಯನ್ನು. ವಾಲಿಕೆಯ ಪಾತ್ರವನ್ನೂ ಗಮನಿಸಿ. ಎತ್ತರ ಕಳೆಯದೆ 30 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ಆಗುವ ವೇಗ 7 ಶೇಕಡಾ ಏರುತ್ತದೆ, 45 ಡಿಗ್ರಿಗೆ 19 ಶೇಕಡಾ. ಎಂಜಿನ್ ಒಂದು ಹೋಗಿ, ಗಾಳಿ ತೆಳುವಾಗಿ, ಕಣಿವೆ ಇಕ್ಕಟ್ಟಾಗಿರುವಾಗ ಆ 19 ಶೇಕಡಾ ಎಲ್ಲಿಂದಲೂ ಬರುವುದಿಲ್ಲ.

ಹೌಹಾದಲ್ಲಿ 2017ರ ಮಾರ್ಚ್ 28ರಂದು ಇಳಿದ ಪೆರುವಿಯನ್ ಏರ್‌ಲೈನ್ಸ್‌ನ 737-300ರ ಕತೆ ಹೆಚ್ಚು ಜನಕ್ಕೆ ಗೊತ್ತಿಲ್ಲ, ಗೊತ್ತಿರಬೇಕು. ಮುಖ್ಯ ಚಕ್ರಗಳು ಅಡ್ಡಡ್ಡ ಅದುರತೊಡಗಿ ಗೇರ್ ಮುರಿದು, ವಿಮಾನ ಹೊಟ್ಟೆಯ ಮೇಲೆ ಜಾರಿ ಬೆಂಕಿ ಹತ್ತಿತು. ಈ ಅದುರುವಿಕೆಯನ್ನು ಹೀರಲು ಶಿಮ್ಮಿ ಡ್ಯಾಂಪರ್ ಎಂಬ ಭಾಗವಿದೆ. ಅದರ ಬಿಡಿಭಾಗಗಳು ಸವೆದು ಅಳತೆ ಮೀರಿದ್ದವು. ಎತ್ತರದ ನಿಲ್ದಾಣದಲ್ಲಿ ಚಕ್ರ ನೆಲ ಮುಟ್ಟುವ ವೇಗವೇ ಹೆಚ್ಚು, ಹಾಗಾಗಿ ಸವೆತಕ್ಕೆ ಕ್ಷಮೆ ಕಡಿಮೆ. 150 ಜನರೂ ಹೊರಬಂದು ಬದುಕಿದರು.

ಕಾಡಿನ ಮೇಲೆ

ಲಾನ್ಸಾ 508ರ ಬಗ್ಗೆ ಎಲ್ಲರೂ ಕೇಳಿರುತ್ತಾರೆ: 1971ರ ಡಿಸೆಂಬರ್ 24, ಲಿಮಾದಿಂದ ಪುಕಾಲ್ಪಾಗೆ ಹೊರಟ ಇನ್ನೊಂದು ಎಲೆಕ್ಟ್ರಾ, ಸುಮಾರು 21,000 ಅಡಿಯಲ್ಲಿ ಗುಡುಗುಮೋಡದೊಳಗೆ ಸಿಡಿಲು ಬಡಿದು ರೆಕ್ಕೆ ಕಳಚಿತು. 92 ಜನರಲ್ಲಿ ಬದುಕಿದ್ದು ಹದಿನೇಳರ ಯುಲಿಯಾನೆ ಕೋಪ್ಕೆ ಮಾತ್ರ. ಸೀಟಿಗೆ ಬಿಗಿದುಕೊಂಡೇ ಬಿದ್ದ ಆಕೆ, ತೊರೆಯ ಹರಿವಿನ ಜೊತೆ ನಡೆದು 11 ದಿನಕ್ಕೆ ಮನುಷ್ಯರನ್ನು ಸೇರಿದರು. ಕಲಿಯುವವರ ಕಣ್ಣು ಆಕೆಯ ಅದ್ಭುತ ಬದುಕಿನ ಮೇಲೆ ನಿಂತು, ಎದುರಿಗಿದ್ದ ಬಿರುಗಾಳಿಯೊಳಕ್ಕೆ ಹೋಗುವ ನಿರ್ಧಾರವನ್ನು ದಾಟಿಬಿಡುತ್ತದೆ. 34 ವರ್ಷಗಳ ನಂತರ, 2005ರ ಆಗಸ್ಟ್ 23ರಂದು, ಅದೇ ಪುಕಾಲ್ಪಾಗೆ ಇಳಿಯುತ್ತಿದ್ದ ಟಾನ್ಸ್ 204 ಆಲಿಕಲ್ಲಿನ ಮಳೆಯೊಳಗೆ ಹೋಗಿ ಜೌಗಿನಲ್ಲಿ ಬಿತ್ತು. 98 ಜನರಲ್ಲಿ 40 ಜನ ಸತ್ತರು.

ಸೇನಾ ವಿಮಾನಗಳ ಕಡತ

ನಾಗರಿಕ ವಿಮಾನಕ್ಕೂ ಸೇನಾ ವಿಮಾನಕ್ಕೂ ಕಾನೂನಿನಲ್ಲೇ ಗೆರೆಯಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ ನಿಯಮಗಳಿರುವ ಶಿಕಾಗೊ ಒಪ್ಪಂದದ 3ನೇ ವಿಧಿ ಸೇನೆ, ಸುಂಕ, ಪೊಲೀಸ್ ವಿಮಾನಗಳನ್ನು ಹೊರಗಿಡುತ್ತದೆ. ಹಾಗಾಗಿ ಅಪಘಾತ ತನಿಖೆಯನ್ನು ವಿವರಿಸುವ 13ನೇ ಅನುಬಂಧದ ಕಟ್ಟುಪಾಡು ಅವಕ್ಕೆ ತಾಗದು. ಪೆರುವಿನಲ್ಲಿ ನೌಕಾಪಡೆ, ವಾಯುಪಡೆಯ ವಿಮಾನಗಳು ನಾಗರಿಕರನ್ನು ಬಾಡಿಗೆಗೂ ಒಯ್ಯುತ್ತಿದ್ದವು. ಸತ್ತವರು ನಾಗರಿಕರು, ಕಡತ ಮಾತ್ರ ಸೇನೆಯದು.

1987ರ ಡಿಸೆಂಬರ್ 8ರಂದು ಪುಕಾಲ್ಪಾದಲ್ಲಿ ಪಂದ್ಯ ಮುಗಿಸಿ ಮರಳುತ್ತಿದ್ದ ಅಲಿಯಾನ್ಸಾ ಲಿಮಾ ಫುಟ್ಬಾಲ್ ತಂಡ ಹತ್ತಿದ್ದು ನೌಕಾಪಡೆಯ ಫೋಕರ್ ಎಫ್27. ಲಿಮಾ ಹತ್ತಿರ ಮುಂಚಕ್ರದ ದೀಪ ಅನುಮಾನ ಹುಟ್ಟಿಸಿತು. ಗೋಪುರದವರು ನೋಡಿ ಹೇಳಲೆಂದು ವಿಮಾನವನ್ನು ಅದರ ಮುಂದೆ ಹಾರಿಸಿದರು, ಚಕ್ರ ಇಳಿದಿದೆ ಎಂಬ ಉತ್ತರ ಸಿಕ್ಕಿತು. ಮತ್ತೆ ಸುತ್ತು ಹಾಕಿ ಇಳಿಯಲು ಬರುವಾಗ ರಾತ್ರಿಯ ಸಮುದ್ರಕ್ಕೆ ಬಿದ್ದರು. 44 ಜನರಲ್ಲಿ 43 ಜನ ಹೋದರು, ತರಬೇತುದಾರ ಮಾರ್ಕೋಸ್ ಕಾಲ್ದೆರೋನ್ ಅವರಲ್ಲೊಬ್ಬರು. ಬದುಕಿದ್ದು ಪೈಲಟ್ ಮಾತ್ರ. ನೌಕಾಪಡೆಯ ವರದಿ ಜನರ ಕಣ್ಣಿಗೆ ಬಿದ್ದದ್ದು 2006ರಲ್ಲಿ: ಪೈಲಟ್‌ಗೆ ರಾತ್ರಿ ಹಾರಾಟದ ಅನುಭವ ಸಾಲದು, ತುರ್ತು ಕ್ರಮವನ್ನು ತಪ್ಪಾಗಿ ಓದಿಕೊಂಡರು, ವಿಮಾನದ ಸ್ಥಿತಿಯೂ ಚೆನ್ನಾಗಿರಲಿಲ್ಲ. ಹತ್ತೊಂಬತ್ತು ವರ್ಷ ಮನೆಮಂದಿ ಊಹಾಪೋಹಗಳನ್ನೇ ಕೇಳುತ್ತ ಕೂತಿದ್ದರು. ಇದು ಸತ್ತವರಿಗೂ ಅನ್ಯಾಯ, ಅದೇ ಬಗೆಯ ವಿಮಾನ ಹಾರಿಸುತ್ತಿದ್ದವರಿಗೂ ಅನ್ಯಾಯ.

1998ರ ಮೇ 5ರಂದು ವಾಯುಪಡೆಯ 737-200 ತೈಲ ಕಂಪನಿಯ ಬಾಡಿಗೆಗೆ ಇಕಿತೋಸ್‌ನಿಂದ ಅಂದೋವಾಸ್‌ಗೆ ಹೋಗುತ್ತಿತ್ತು. ರಾತ್ರಿ, ಮಳೆ. ರನ್‌ವೇ ಮುಟ್ಟುವ ಮೊದಲೇ ಕಾಡಿಗೆ ಬಿದ್ದು 88 ಜನರಲ್ಲಿ 75 ಜನ ಸತ್ತರು. ಟಾನ್ಸ್ ಸಹ ವಾಯುಪಡೆಯ ಕೈಕೆಳಗಿನ ಸಂಸ್ಥೆಯೇ ಆಗಿತ್ತು. ಆದರೆ ಅದು ನಾಗರಿಕ ಸೇವೆಯಾಗಿ ಹಾರುತ್ತಿದ್ದುದರಿಂದ 204ರ ತನಿಖೆ ಸಾರಿಗೆ ಸಚಿವಾಲಯದ ಅಪಘಾತ ತನಿಖಾ ಆಯೋಗಕ್ಕೆ ಹೋಯಿತು. ಪೆರುವಿನ ಯಾವುದೇ ಅಪಘಾತವನ್ನು ಕೈಗೆತ್ತಿಕೊಂಡಾಗ ವಿಮಾನದ ಬಾಲದ ಮೇಲಿನ ನೋಂದಣಿ ಅಕ್ಷರಗಳನ್ನು ಮೊದಲು ನೋಡಿ. ಒಬಿ ಎಂದು ಶುರುವಾದರೆ ನಾಗರಿಕ, ಎಫ್‌ಎಪಿ ಎಂದಿದ್ದರೆ ವಾಯುಪಡೆ, ಎಇ ಎಂದಿದ್ದರೆ ನೌಕಾಪಡೆ. ಕಾಗದ ಎಲ್ಲಿ ಹುಡುಕಬೇಕು ಎಂಬುದು ಅಲ್ಲೇ ತಿಳಿಯುತ್ತದೆ.