ಡಬ್ಬದ ಮೇಲಿನ 4.6 ಎಲ್ಲಾ ಕೋರ್‌ಗೂ ಅಲ್ಲ

ಕಂಪ್ಯೂಟರ್‌ಗೆ ಎಎಂಡಿಯ ರೈಜನ್ 5 5600ಎಕ್ಸ್ ಪ್ರೊಸೆಸರ್ ಹಾಕಿಸ್ಕೊಂಡವರಲ್ಲಿ ತುಂಬಾ ಜನ ಬಂದು ಕೇಳೋದು ಒಂದೇ. ಸಾರ್, ಡಬ್ಬದ ಮೇಲೆ 4.6 ಗಿಗಾಹರ್ಟ್ಸ್ ಅಂತಿದೆ, ರೆಂಡರ್‌ಗೆ ಹಾಕಿದ್ರೆ ಅಲ್ಲಿವರೆಗೂ ಹೋಗೋದೇ ಇಲ್ಲ, ಅಂಗಡಿಯವ್ರು ಮೋಸ ಮಾಡಿದ್ರಾ?

ಮೋಸ ಏನೂ ಆಗಿಲ್ಲ. ಬೇಸ್ ಕ್ಲಾಕ್, ಅಂದ್ರೆ ಮೂಲ ಸ್ಪೀಡ್, 3.7. ಆ 4.6 ಅನ್ನೋದು ಕೆಲಸ ಹಗುರ ಇದ್ದಾಗ, ಒಳಗಿರೋ ಆರು ಕೋರ್‌ಗಳಲ್ಲಿ (ಕೆಲಸ ಮಾಡೋ ಘಟಕಗಳಲ್ಲಿ) ಒಂದೆರಡು ಮಾತ್ರ ಹೋಗಿ ಮುಟ್ಟೋ ತುದಿ. ಇಡೀ ಪ್ರೊಸೆಸರ್‌ಗೆ ಇರೋ ಪವರ್ ಮಿತಿ 76 ವ್ಯಾಟ್, ಅದನ್ನ ಆರೂ ಕೋರ್ ಹಂಚ್ಕೋಬೇಕು. ಓವರ್‌ಹೆಡ್ ಟ್ಯಾಂಕಿನ ನೀರು ಒಂದು ನಲ್ಲಿ ಬಿಟ್ರೆ ರಭಸವಾಗಿ ಬರುತ್ತೆ, ಆರೂ ಒಟ್ಟಿಗೆ ಬಿಟ್ರೆ ಕಮ್ಮಿ ಆಗುತ್ತಲ್ಲ, ಹಾಗೆ. ಇಂಟೆಲ್‌ನಲ್ಲೂ ಇದೇ ಕತೆ, ಐ5 12400 ಒಂದು ಕೋರ್‌ಗೆ 4.4, ಆರೂ ಓಡಿದ್ರೆ 4.0.

ಇಷ್ಟು ಹೇಳಿದ್ರೂ ಮನೆಗೆ ಹೋಗಿ ಯಾವುದೋ ವಿಡಿಯೋ ನೋಡ್ಕೊಂಡು ಬಯಾಸ್‌ನಲ್ಲಿ (ಮದರ್‌ಬೋರ್ಡ್ ಸೆಟ್ಟಿಂಗ್‌ನಲ್ಲಿ) ರೇಶಿಯೋ 46, ಅಂದ್ರೆ ಎಲ್ಲಾ ಕೋರ್‌ಗೂ 4.6, ವೋಲ್ಟೇಜ್ 1.4 ಅಂತ ಫಿಕ್ಸ್ ಮಾಡ್ಬಿಡ್ತಾರೆ. ಆ 1.4 ಎಲ್ಲಿಂದ ಬಂತು ಅಂದ್ರೆ, ಸುಮ್ನೆ ಬ್ರೌಸ್ ಮಾಡುವಾಗ ಮಾನಿಟರಿಂಗ್ ಸಾಫ್ಟ್‌ವೇರ್‌ನಲ್ಲಿ ಕಂಡಿದ್ದು. ದಯವಿಟ್ಟು ಇದೊಂದು ಅರ್ಥ ಮಾಡ್ಕೊಳ್ಳಿ, ಒಂದು ಕೋರ್ ಕ್ಷಣ ಹೊತ್ತು ಮೇಲೆ ಹೋದಾಗ ಅಷ್ಟು ವೋಲ್ಟೇಜ್ ತಗೊಳ್ಳೋದು ಸಹಜ, ಆಗ ಕರೆಂಟ್ ಕಮ್ಮಿ ಇರುತ್ತೆ. ಆರೂ ಕೋರ್ ಫುಲ್ ಲೋಡ್‌ನಲ್ಲಿರುವಾಗ ಅದೇ ವೋಲ್ಟೇಜ್ ಕೊಟ್ರೆ ಕರೆಂಟೂ ಏರುತ್ತೆ, ಬಿಸಿನೂ ಏರುತ್ತೆ. ಜೊತೆಗೆ, ಬಿಸಿ ಕರೆಂಟ್ ಎಲ್ಲಾ ನೋಡ್ಕೊಂಡು ಸ್ಪೀಡ್ ಏರಿಸಿ ಇಳಿಸ್ತಿದ್ದ ಬೂಸ್ಟನ್ನ ನೀವೇ ಆಫ್ ಮಾಡಿದ ಹಾಗಾಯ್ತು.

ರಾಯಚೂರಿನ ಹುಡುಗ ಒಬ್ಬ, ಮದುವೆ ವಿಡಿಯೋ ಎಡಿಟ್ ಮಾಡೋನು, ಇದೇ ಸೆಟ್ಟಿಂಗ್‌ನಲ್ಲಿ ಮೇ ತಿಂಗಳ ಸೆಖೆಗೆ ಡಬ್ಬದ ಜೊತೆ ಬಂದ ಚಿಕ್ಕ ಕೂಲರ್ ಇಟ್ಕೊಂಡೇ ಎಕ್ಸ್‌ಪೋರ್ಟ್‌ಗೆ ಹಾಕ್ತಿದ್ದ, ಅರ್ಧಕ್ಕೆ ರೀಸ್ಟಾರ್ಟ್. ಪಾಪ, ಕಸ್ಟಮರ್ ಕೈಲಿ ಬೈಸ್ಕೊಂಡು ಮುಖ ಬಾಡಿತ್ತು. ಬಯಾಸ್ ಡಿಫಾಲ್ಟ್‌ಗೆ ತಂದು, ಕೂಲರ್ ಫಿನ್ ಮಧ್ಯೆ ಗಟ್ಟಿಯಾಗಿದ್ದ ಧೂಳು ತೆಗೆದು, ಹೊಸ ಥರ್ಮಲ್ ಪೇಸ್ಟ್ ಹಚ್ಚಿ ಕೊಟ್ಟೆ, ಎಕ್ಸ್‌ಪೋರ್ಟ್ ಪೂರ್ತಿ ಆಯ್ತು.

ಇನ್ನೂ ಸ್ಪೀಡ್ ಬೇಕೇ ಬೇಕು ಅಂದ್ರೆ ಮೊದಲು ಒಳ್ಳೆ ಕೂಲರ್, ಆಮೇಲೆ ಪಿಬಿಒ (ಪವರ್ ಮಿತಿ ಸಡಿಲಿಸಿ ಬೂಸ್ಟ್ ಹೆಚ್ಚಿಸೋ ಎಎಂಡಿ ಸೆಟ್ಟಿಂಗ್), ಕರ್ವ್ ಆಪ್ಟಿಮೈಜರ್ (ಕೋರ್‌ಗೆ ಹೋಗೋ ವೋಲ್ಟೇಜ್ ಇಳಿಸೋ ಸೆಟ್ಟಿಂಗ್). ಪಿಬಿಒ ಆನ್ ಮಾಡಿದ್ರೆ ವಾರಂಟಿಗೆ ತೊಂದರೆ ಆಗಬಹುದು, ಗೊತ್ತಿದ್ದೇ ಮಾಡಿ. ಕರ್ವ್‌ಗೆ ಮೈನಸ್ 30 ಅಂತ ಒಂದೇ ಸಲ ಹಾಕ್ಬೇಡಿ, ಒಬ್ಬರ ಚಿಪ್ ತಡ್ಕೊಂಡಿದ್ದು ನಿಮ್ಮದು ತಡ್ಕೊಳ್ಳುತ್ತೆ ಅಂತ ಹೇಳೋಕಾಗಲ್ಲ. ಮೈನಸ್ 5, 10 ಹಾಕಿ ವಾರ ಬಳಸಿ ನೋಡಿ. ಸ್ಟ್ರೆಸ್ ಟೆಸ್ಟ್ ಪಾಸ್ ಆದ್ರೆ ಮುಗೀತು ಅಂದ್ಕೋಬೇಡಿ, ಕರ್ವ್ ಜಾಸ್ತಿ ಇಳಿಸಿದ್ರೆ ಕೈಕೊಡೋದು ಹೆಚ್ಚಾಗಿ ಸಿಸ್ಟಂ ಸುಮ್ನಿದ್ದಾಗಲೇ, ಯಾಕಂದ್ರೆ ಒಂದು ಕೋರ್ ತುದಿಗೆ ಹೋಗೋದು ಆವಾಗ್ಲೇ. ಹಾಗೆ ರೀಸ್ಟಾರ್ಟ್ ಆದ್ರೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೆದು WHEA-Logger (ಹಾರ್ಡ್‌ವೇರ್ ದೋಷ ಬರೆದಿಡೋದು) ಹೆಸರಲ್ಲಿ 18ನೇ ನಂಬರಿನ ಎರರ್ ಇದೆಯಾ ನೋಡಿ, ಇದ್ರೆ ಕರ್ವ್ ವಾಪಸ್ ಸೊನ್ನೆಗೆ ತಂದು ಇನ್ನೊಮ್ಮೆ ಬಳಸಿ ನೋಡಿ, ಆಮೇಲೂ ಬಂದ್ರೆ ಸಿಸ್ಟಂ ತಗೊಂಡ್ ಬನ್ನಿ.