ಸೊಪ್ಪಿನ ಬೆಟ್ಟದಲ್ಲಿ ನಡುಪ್ರಾಯದ ಮರಗಳೆಲ್ಲಿ?

ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ತೋಟದ ಬೆನ್ನಿಗಿರುವ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿದು ತರುವ ಕಾಡು, ರಸ್ತೆಯಿಂದ ನೋಡಿದರೆ ಹಸಿರಾಗೇ ಕಾಣುತ್ತದೆ. ಮತ್ತಿ, ನಂದಿ, ಹುಣಾಲು, ನೇರಳೆ ಎಲ್ಲವೂ ಇವೆ. ಬರೀ ಹೆಸರು ಬರೆದುಕೊಂಡು ಬಂದರೆ ಪಕ್ಕದ ಕಾಡಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಸಿಗದೆ ಹೋಗಬಹುದು. ಗುಟ್ಟು ಬಯಲಾಗುವುದು ಮರಗಳ ಸುತ್ತಳತೆ ಹಿಡಿದಾಗ.

ಅಳತೆಗೆ 20 ಮೀಟರ್ ಉದ್ದ, ಅಷ್ಟೇ ಅಗಲದ ಚೌಕ ಬೇಕು, ಸುಮಾರು 4 ಗುಂಟೆ. ಒಂದೇ ಚೌಕ ಸಾಲದು. ಏರು, ತಗ್ಗು, ಹಳ್ಳದ ಅಂಚು ಎಲ್ಲ ಕಡೆಯೂ ಹಾಕಬೇಕು. ಮೂಲೆ ನೆಟ್ಟಗೆ ಕೂರಲು ಹಗ್ಗದಲ್ಲಿ 3, 4, 5 ಮೀಟರಿನ ತ್ರಿಕೋನ ಹಿಡಿಯಿರಿ. ಮಲೆನಾಡಿನಲ್ಲಿ ಲೆಕ್ಕ ತಪ್ಪುವುದು ಇಳಿಜಾರಿನಲ್ಲಿ. 30 ಡಿಗ್ರಿ ಇಳಿಜಾರಿನಲ್ಲಿ 20 ಮೀಟರ್ ಹಗ್ಗ ಹಾಸಿದರೆ ಮಟ್ಟದ ಲೆಕ್ಕಕ್ಕೆ ದಕ್ಕುವುದು 17.3 ಮೀಟರ್ ಮಾತ್ರ. ಅಲ್ಲಿ ಹಗ್ಗವನ್ನು 23 ಮೀಟರಿನವರೆಗೆ ಎಳೆಯಬೇಕು, ಇಲ್ಲವಾದರೆ ಕಾಡು ಇರುವುದಕ್ಕಿಂತ ತೆಳುವೆಂದು ದಾಖಲಾಗುತ್ತದೆ.

ಸುತ್ತಳತೆ 30 ಸೆಂ.ಮೀ. ದಾಟಿದ ಪ್ರತಿ ಮರಕ್ಕೂ ಏರಿನ ಬದಿಯಲ್ಲಿ ನಿಂತು, ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಟೇಪು ಸುತ್ತಬೇಕು. ಬಳ್ಳಿ ಟೇಪಿನೊಳಗೆ ಸಿಕ್ಕಬಾರದು. ಹಲಗೆಯಂಥ ಬೇರುಗಳಿದ್ದರೆ ಅವು ಮುಗಿದ ಮೇಲಿನ ಕಾಂಡವನ್ನು ಅಳೆಯಿರಿ. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲಿಗೂ ಬೇರೆ ಅಳತೆ. ಸುತ್ತಳತೆಯ ವರ್ಗವನ್ನು 12.57ರಿಂದ ಭಾಗಿಸಿದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಬರುತ್ತದೆ. ಆ ಲೆಕ್ಕದಲ್ಲಿ 3 ಮೀಟರ್ ಸುತ್ತಳತೆಯ ಒಂದು ಮರ, 30 ಸೆಂ.ಮೀ. ಸುತ್ತಳತೆಯ 100 ಗಿಡಗಳಿಗೆ ಸಮ! ಬರೀ ತಲೆ ಎಣಿಸಿದರೆ ಕಾಡು ಅರ್ಥವಾಗದಿರುವುದು ಇದಕ್ಕೇ.

ಎಳೆಗಿಡಗಳಿಗೆ ಒಳಗೊಂದು 5 ಮೀಟರ್ ಚೌಕ, ನೆಲದ ಗಿಡಗಳಿಗೆ 1 ಮೀಟರ್ ಚೌಕ. ನೆಲದ ಗಿಡಗಳನ್ನು ಮಳೆಗಾಲ ಮುಗಿಯುತ್ತಿದ್ದಂತೆ ನೋಡಬೇಕು. ಏಪ್ರಿಲ್‌ನಲ್ಲಿ ಎಷ್ಟೋ ಗಿಡಗಳು ಒಣಗಿ ಮಾಯವಾಗಿರುತ್ತವೆ.

ತಾನಾಗಿ ಬೆಳೆಯುತ್ತಿರುವ ಕಾಡಿನಲ್ಲಿ ಸಪೂರ ಮರಗಳೇ ಬಹಳ, ದಪ್ಪವಾದಂತೆ ಸಂಖ್ಯೆ ಇಳಿಯುತ್ತದೆ. ವರ್ಷವರ್ಷವೂ ಸೊಪ್ಪು ಕಡಿದ ಬೆಟ್ಟದಲ್ಲಿ ಈ ಸಾಲು ನಡುವೆ ಮುರಿಯುತ್ತದೆ: ತಲೆ ಸವರಿಸಿಕೊಂಡ ಹಳೆ ಮರಗಳಿವೆ, ಅವುಗಳ ಜಾಗಕ್ಕೆ ಬರಬೇಕಾದವಿಲ್ಲ. ಸೊಪ್ಪು ಕಡಿಯುವಾಗ ಎಳೆಗಿಡಕ್ಕೂ ಕತ್ತಿ ತಾಗುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ದರಗು (ಉದುರಿದ ಒಣ ಎಲೆ) ಗುಡಿಸುವುದರಿಂದ. ದರಗಿನ ಜೊತೆ ಬೀಜವೂ ಮೊಳಕೆಯೂ ಕೊಟ್ಟಿಗೆ ಸೇರುತ್ತವೆ. ಧೂಪದಂಥ ಮರದ ಬೀಜ ಒಣಗಿದರೆ ಸತ್ತೇಹೋಗುತ್ತದೆ, ಬರಿ ನೆಲದ ಮೇಲೆ ಅದಕ್ಕೆ ಉಳಿಗಾಲವಿಲ್ಲ. ಹಿಮಾಲಯದ ಬಾಂಜ್ ಓಕ್ ಕಾಡಿನದೂ ಇದೇ ಪಾಡು. ಅಲ್ಲಿ ಕೊಂಬೆ ದನದ ಮೇವಿಗೆ, ತರಗೆಲೆ ಗೊಬ್ಬರಕ್ಕೆ.

ಬೆಟ್ಟದ ಒಂದು ಭಾಗದಲ್ಲಿ ಐದು ವರ್ಷ ದರಗು ಮುಟ್ಟದೆ ಬಿಟ್ಟು, ಅದೇ ಚೌಕವನ್ನು ಮತ್ತೆ ಅಳೆದು ನೋಡಿ. ಅಳೆದ ಜಾಗಕ್ಕೆ ಪೇಂಟಿನ ಗೆರೆ ಎಳೆದಿರಬೇಕು. ನಂಬರ್ ತಗಡಿನ ಮೊಳೆಯನ್ನು ಗೆರೆಗಿಂತ ಒಂದು ಅಡಿ ಮೇಲೆ ಹೊಡೆಯಿರಿ. ಮೊಳೆಯ ಸುತ್ತ ತೊಗಟೆ ಉಬ್ಬಿದರೆ ಮುಂದಿನ ಅಳತೆ ಸುಳ್ಳಾಗುತ್ತದೆ.